ಸಾವಿನ ಕಿರಣ ಕೇಳಿದವರಿಗೆ ಕಣ್ಣು ಕೊಟ್ಟವನು

ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮಂಥ ಕನ್ನಡಿಗರಿಗೆ ಕರ್ನೂಲು ಅಂದರೆ ಅರ್ಧರಾತ್ರಿಯ ಒಂದು ಎಚ್ಚರ. ಊರ ಕಡೆಯ ಬಸ್ಸು ತುಂಗಭದ್ರೆಯ ಸೇತುವೆ ಹತ್ತಿದಾಗ ಅದು ಹೇಗೋ ಕಣ್ಣು ಬಿಟ್ಟುಕೊಳ್ಳುತ್ತದೆ. ಹೊಸಪೇಟೆ ಕಡೆಯಿಂದ ಬಂದ ನೀರು ಕೆಳಗೆ ಕತ್ತಲಲ್ಲಿ ಹರಿಯುತ್ತಿರುತ್ತದೆ. ಬಸ್ಸು ನಿಂತಲ್ಲಿ ಒಂದು ಚಹಾ ಕುಡಿದು ಮತ್ತೆ ಮಲಗಿದರೆ ಮುಂದಿನ ಎಚ್ಚರ ಅನಂತಪುರದ ಆಚೆಗೇ. ಹದಿನಾಲ್ಕು ವರ್ಷದಿಂದ ಆ ದಾರಿಯಲ್ಲಿ ಓಡಾಡುತ್ತಿದ್ದೇನೆ. ಕರ್ನೂಲನ್ನು ಹಗಲಲ್ಲಿ ನೋಡಿದ್ದು ಎರಡೇ ಸಲ.

2025ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿ ಸೋಮವಾರ ಬಂದಿದ್ದರಿಂದ ಮೂರು ದಿನ ಬಿಡುವಿತ್ತು. ತುಮಕೂರು ಜಿಲ್ಲೆಯ ನಮ್ಮೂರಿಗೆ ಹೋಗಿದ್ದೆ. ಭಾನುವಾರ, 13ನೇ ತಾರೀಕು, ರಾತ್ರಿ ಊಟಕ್ಕೆ ಕೂತಾಗ ಟಿವಿಯಲ್ಲಿ ಅದೇ ಕರ್ನೂಲಿನ ಹೆಸರು. ಅಲ್ಲಿನ ಬಯಲು ಪರೀಕ್ಷಾ ನೆಲೆಯಲ್ಲಿ ಡಿಆರ್‌ಡಿಒದವರು ಲೇಸರ್ ಆಯುಧವೊಂದನ್ನು ಪರೀಕ್ಷಿಸಿದ್ದರು. 30 ಕಿಲೋವ್ಯಾಟ್ ಬೆಳಕು. ಗುಂಡಿಲ್ಲ, ಕ್ಷಿಪಣಿಯಿಲ್ಲ. ಹಾರುತ್ತಿದ್ದ ಪುಟ್ಟ ಚಾಲಕರಹಿತ ವಿಮಾನಕ್ಕೆ ಆಕಾಶದಲ್ಲೇ ಬೆಂಕಿ ಹೊತ್ತಿಕೊಂಡಿತು. ಕೆಲವು ಸೆಕೆಂಡ್ ಇದನ್ನು ಪ್ರಯೋಗಿಸಲು ತಗಲುವ ಖರ್ಚು ಒಂದೆರಡು ಲೀಟರ್ ಪೆಟ್ರೋಲಿನಷ್ಟು ಎಂದು ಸುದ್ದಿ ಓದುವವರು ಎರಡು ಸಲ ಹೇಳಿದರು.

ಅಪ್ಪ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನೀನು ಅಲ್ಲಿ ಮಾಡೋದು ಇದೇ ಏನೋ ಅಂತ ಕೇಳಿದರು.

ಊರಲ್ಲಿ ನಾನು ಮಳೆ ಕಂಪನಿಯ ಹುಡುಗ. ರೇಡಾರಿನಿಂದ ಬರುವ ಪ್ರತಿಧ್ವನಿಯನ್ನು ಜರಡಿ ಹಿಡಿದು, ಇದು ಮೋಡ, ಇದು ಗುಡ್ಡ, ಇದು ಹಕ್ಕಿಗಳ ಹಿಂಡು ಎಂದು ಬೇರೆ ಮಾಡುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಆದರೆ ಆರೇಳು ತಿಂಗಳಿಂದ ಆಫೀಸಿನಲ್ಲಿ ಗಾಳಿ ಬದಲಾಗಿತ್ತು. ಇಷ್ಟು ವರ್ಷ ಕಸ ಎಂದು ತೆಗೆದುಹಾಕುತ್ತಿದ್ದ ಸಣ್ಣ ಚುಕ್ಕೆಗಳೇ ಈಗ ಬೇಕಾಗಿದ್ದವು. ಹಕ್ಕಿ ಯಾವುದು, ಡ್ರೋನ್ ಯಾವುದು ಎಂದು ಹೇಳಬಲ್ಲಿರಾ ಎಂದು ಕೇಳುವವರು ಬರತೊಡಗಿದ್ದರು. ಆ ತಂಡಕ್ಕೆ ಬರುತ್ತೀಯಾ ಎಂದು ನನ್ನನ್ನೂ ಕೇಳಿದ್ದರು. ಅಪ್ಪನಿಗೆ ಅಷ್ಟೆಲ್ಲ ಹೇಳಲಿಲ್ಲ. ನಾವು ಬರೀ ಹುಡುಕಿಕೊಡುತ್ತೇವೆ, ಸುಡೋರು ಬೇರೆ ಅಂದೆ. ಹುಡುಕಿಕೊಟ್ಟರೆ ತಾನೇ ಸುಡೋದು ಅಂದು ಅಪ್ಪ ಮುದ್ದೆ ಮುರಿದರು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನೆನಪಾದವನು ರಾಬರ್ಟ್ ವಾಟ್ಸನ್-ವ್ಯಾಟ್. ಬ್ರಿಟನ್ನಿಗೆ ರೇಡಾರ್ ಕಟ್ಟಿಕೊಟ್ಟವನು. ನಾನು ಮಳೆಯಿಂದ ಡ್ರೋನಿಗೆ ಹೋಗಲೋ ಬೇಡವೋ ಎಂದು ಹೊರಳಾಡುತ್ತಿದ್ದರೆ, ಆತ ಸಿಡಿಲಿನಿಂದ ಯುದ್ಧವಿಮಾನಕ್ಕೆ ಹೋಗಿದ್ದ. ಮೊಬೈಲಿನಲ್ಲಿ ಅವನ ಇಸವಿ ನೋಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅವನು ಹುಟ್ಟಿದ್ದೂ ಏಪ್ರಿಲ್ 13ರಂದೇ.

ಇಸವಿ 1892. ಊರು ಸ್ಕಾಟ್‌ಲೆಂಡಿನ ಪೂರ್ವದ ಬ್ರೆಕಿನ್ ಎಂಬ ಸಣ್ಣ ಪಟ್ಟಣ. ತಂದೆ ಬಡಗಿ. ಹಬೆಯಂತ್ರದ ಜೇಮ್ಸ್ ವ್ಯಾಟ್‌ನ ವಂಶದವನು ಎಂಬ ಮಾತು ಅವನ ಬಗ್ಗೆ ಕೊನೆಯವರೆಗೂ ಇತ್ತು. ಹುಡುಗ ಓದಿದ್ದೆಲ್ಲ ವಿದ್ಯಾರ್ಥಿವೇತನದಲ್ಲಿ. ಡಂಡೀಯ ಕಾಲೇಜಿನಿಂದ 1912ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದ. ಅಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ವಿಲಿಯಂ ಪೆಡ್ಡಿ ಸಹಾಯಕನ ಕೆಲಸ ಕೊಟ್ಟು, ಆಗಿನ್ನೂ ಹೊಸದಾಗಿದ್ದ ರೇಡಿಯೊ ಅಲೆಗಳ ರುಚಿ ಹತ್ತಿಸಿದರು.

ಮೊದಲ ಮಹಾಯುದ್ಧ ಶುರುವಾದಾಗ ಯುದ್ಧದ ಕೆಲಸಕ್ಕೆ ಸೇರಬೇಕೆಂದು ಹೊರಟ. ಸಿಕ್ಕಿದ್ದು ಹವಾಮಾನ ಕಚೇರಿ. 1915ರಲ್ಲಿ ಫಾರ್ನ್‌ಬರೋದಲ್ಲಿ ಅವನಿಗೆ ಒಪ್ಪಿಸಿದ ಕೆಲಸ ಸಿಡಿಲು ಪತ್ತೆ ಮಾಡುವುದು. ಆಗಿನ ವಿಮಾನಗಳು ಮರ ಮತ್ತು ಬಟ್ಟೆಯವು. ಗುಡುಗು ಮೋಡಕ್ಕೆ ಸಿಕ್ಕರೆ ಮುಗಿಯಿತು. ಬಿರುಗಾಳಿ ಎಲ್ಲಿದೆ ಎಂದು ಹಾರುವವರಿಗೆ ಮೊದಲೇ ಹೇಳಬೇಕಿತ್ತು.

ನಮ್ಮ ಬಾಲ್ಯದಲ್ಲಿ ಮಳೆಗಾಲದ ಸಂಜೆ ರೇಡಿಯೊ ಹಾಕಿದರೆ ಮಿಂಚು ಹೊಡೆದಾಗಲೆಲ್ಲ ಗರ್ ಎಂದು ಸದ್ದು ಬರುತ್ತಿತ್ತಲ್ಲ, ಅದೇ ಅವನ ಕಚ್ಚಾ ಸಾಮಗ್ರಿ. ಪ್ರತಿ ಮಿಂಚೂ ಒಂದು ರೇಡಿಯೊ ಅಲೆ ಕಳಿಸುತ್ತದೆ. ಅದು ಯಾವ ದಿಕ್ಕಿನಿಂದ ಬಂತೆಂದು ಎರಡು ಊರುಗಳಿಂದ ನೋಡಿ ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ, ಅವು ಕೂಡುವಲ್ಲಿ ಗುಡುಗು ಇದೆ. ಹೇಳುವುದು ಸುಲಭ. ಆಂಟೆನಾವನ್ನು ತಿರುಗಿಸಿ ದಿಕ್ಕು ಹಿಡಿಯುವಷ್ಟರಲ್ಲಿ ಮಿಂಚು ಮುಗಿದೇ ಹೋಗಿರುತ್ತಿತ್ತು. ಇದಕ್ಕೆ ದಾರಿ ಸಿಕ್ಕಿದ್ದು 1920ರ ದಶಕದಲ್ಲಿ, ಆಸಿಲೋಸ್ಕೋಪ್ ಕೈಗೆ ಬಂದ ಮೇಲೆ. ಅಡ್ಡಡ್ಡ ಕೂರಿಸಿದ ಎರಡು ಆಂಟೆನಾಗಳ ಸಂಕೇತವನ್ನು ಅದಕ್ಕೆ ಕೊಟ್ಟರೆ, ಮಿಂಚು ಬಂದ ದಿಕ್ಕಿಗೆ ಪರದೆಯ ಮೇಲೆ ಒಂದು ಗೆರೆ ಕ್ಷಣಮಾತ್ರ ಮೂಡುತ್ತಿತ್ತು. ಮುಂದೆ ಎರಡನೇ ಮಹಾಯುದ್ಧದಲ್ಲಿ, ಜರ್ಮನ್ ಜಲಾಂತರ್ಗಾಮಿಗಳು ಕಳಿಸುವ ಚುಟುಕು ರೇಡಿಯೊ ಸಂದೇಶದ ದಿಕ್ಕು ಹಿಡಿದು ಬೆನ್ನಟ್ಟಿದ್ದು ಇದೇ ಉಪಾಯದಿಂದ. ಮಿಂಚಿಗೆಂದು ಹೆಣೆದ ಬಲೆಗೆ ಹಡಗು ಬಿತ್ತು.

ಹತ್ತಿಪ್ಪತ್ತು ವರ್ಷ ಹೀಗೇ ಸಾಗಿತು. ಸ್ಲೌ ಎಂಬ ಊರಿನ ಬಳಿಯ ರೇಡಿಯೊ ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥನಾದ. ವಾತಾವರಣದ ಮೇಲ್ಪದರಕ್ಕೆ ಅಯನೋಸ್ಫಿಯರ್ ಎಂಬ ಹೆಸರು ಕೊಟ್ಟವನೂ ಇವನೇ. ಗಿಡ್ಡ, ದುಂಡುಮುಖ, ಕನ್ನಡಕ, ಬಾಯಿ ತೆಗೆದರೆ ಮುಗಿಯದ ಮಾತು. 43ರ ಹೊಸ್ತಿಲವರೆಗೆ ಹವಾಮಾನದವರಿಗೂ ರೇಡಿಯೊದವರಿಗೂ ಬಿಟ್ಟು ಹೊರಗೆ ಯಾರಿಗೂ ಗೊತ್ತಿಲ್ಲದ ಸರ್ಕಾರಿ ವಿಜ್ಞಾನಿ.

ಇತ್ತ ಇಂಗ್ಲೆಂಡಿಗೆ ಆಕಾಶದ ಭಯ ಹಿಡಿದಿತ್ತು. ಮೊದಲ ಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬಿದ್ದದ್ದನ್ನು ಜನ ಮರೆತಿರಲಿಲ್ಲ. ಬಾಂಬರುಗಳನ್ನು ಪೂರ್ತಿ ತಡೆಯುವುದು ಸಾಧ್ಯವೇ ಇಲ್ಲ ಎಂಬರ್ಥದ ಮಾತನ್ನು ಸ್ಟಾನ್ಲಿ ಬಾಲ್ಡ್ವಿನ್ 1932ರಲ್ಲಿ ಪಾರ್ಲಿಮೆಂಟಿನಲ್ಲೇ ಆಡಿದ್ದರು. 1934ರ ಬೇಸಿಗೆಯ ವಾಯು ಕವಾಯತಿನಲ್ಲಿ ಎಷ್ಟೋ ಬಾಂಬರುಗಳು ಯಾರ ಕಣ್ಣಿಗೂ ಬೀಳದೆ ಗುರಿ ಮುಟ್ಟಿದವು. ಮುನ್ನೆಚ್ಚರಿಕೆಗೆ ಇದ್ದದ್ದು ಕಿವಿ. ನಿಜವಾದ ಅರ್ಥದಲ್ಲಿ ಕಿವಿ. ಕೆಂಟ್ ಕರಾವಳಿಯ ಡೆಂಜ್‌ನಲ್ಲಿ 200 ಅಡಿ ಉದ್ದದ ಬಾಗಿದ ಕಾಂಕ್ರೀಟ್ ಗೋಡೆ ಕಟ್ಟಿ, ದೂರದ ಎಂಜಿನ್ ಸದ್ದನ್ನು ಒಂದು ಕಡೆ ಕೂಡಿಸಿ ಕೇಳುತ್ತಿದ್ದರು. ಆ ಗೋಡೆಗಳು ಈಗಲೂ ನಿಂತಿವೆ. ವಿಮಾನದ ವೇಗ ಹೆಚ್ಚುತ್ತಾ ಹೋದಂತೆ ಸದ್ದು ಕೇಳಿಸುವುದಕ್ಕೂ ವಿಮಾನ ತಲೆಮೇಲೆ ಬರುವುದಕ್ಕೂ ನಡುವೆ ಕೆಲವೇ ನಿಮಿಷ ಉಳಿದವು.

ಇಂಥ ಹೊತ್ತಿನಲ್ಲಿ ಪವಾಡಕ್ಕೆ ಬೇಡಿಕೆ ಹೆಚ್ಚು. ಅಂದಿನ ಪತ್ರಿಕೆಗಳ ಪವಾಡ ಸಾವಿನ ಕಿರಣ. ದೂರದಿಂದಲೇ ಎಂಜಿನ್ ನಿಲ್ಲಿಸುವ, ಪೈಲಟ್‌ನನ್ನು ಕೊಲ್ಲುವ ಕಿರಣ. ಗ್ರಿಂಡೆಲ್ ಮ್ಯಾಥ್ಯೂಸ್ ಎಂಬಾತ 1924ರಲ್ಲಿ ತನ್ನ ಬಳಿ ಇದೆ ಎಂದು ಗದ್ದಲ ಎಬ್ಬಿಸಿದ್ದ. 1934ರಲ್ಲಿ ನ್ಯೂಯಾರ್ಕಿನಿಂದ ಮುದುಕ ನಿಕೋಲಾ ಟೆಸ್ಲಾನೂ ಅಂಥದ್ದೇ ಘೋಷಣೆ ಮಾಡಿದ. ಬ್ರಿಟನ್ನಿನ ವಾಯು ಸಚಿವಾಲಯ ಒಂದು ಬಹುಮಾನ ಇಟ್ಟಿತ್ತಂತೆ: ನೂರು ಗಜ ದೂರದಿಂದ ಕಿರಣ ಬಿಟ್ಟು ಒಂದು ಕುರಿಯನ್ನು ಕೊಂದವರಿಗೆ ಸಾವಿರ ಪೌಂಡ್. ನಮ್ಮ ಶಿರಾ ಕಡೆಯ ಕುರಿಗಳ ಹಾಗೆ ಆ ಕುರಿಯೂ ಆರಾಮಾಗಿ ಮೇಯುತ್ತಾ ಉಳಿಯಿತು. ಬಹುಮಾನ ಯಾರಿಗೂ ಹೋಗಲಿಲ್ಲ.

ವಾಯುಸೇನೆಯ ರಕ್ಷಣೆಗೆ ವಿಜ್ಞಾನ ಏನು ಮಾಡಬಹುದು ಎಂದು ನೋಡಲು ಹೆನ್ರಿ ಟಿಜಾರ್ಡ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ಅದರ ಮೊದಲ ಸಭೆ 1935ರ ಜನವರಿ 28ಕ್ಕೆ. ಅದಕ್ಕೂ ಮೊದಲೇ ಸಚಿವಾಲಯದ ವಿಂಪೆರಿಸ್ ಎಂಬ ಅಧಿಕಾರಿ ವಾಟ್ಸನ್-ವ್ಯಾಟ್‌ನನ್ನು ಕರೆದು ಕೇಳಿದರು: ರೇಡಿಯೊ ಅಲೆಯಿಂದ ಸಾವಿನ ಕಿರಣ ಮಾಡಲು ಆಗುತ್ತದೆಯೇ?

ಅವನು ನಗಲಿಲ್ಲ. ಹಿಂತಿರುಗಿ ಬಂದು ತನ್ನ ಕೈಕೆಳಗಿನ ಆರ್ನಾಲ್ಡ್ ವಿಲ್ಕಿನ್ಸ್ ಎಂಬ ತರುಣನಿಗೆ ಒಂದು ಚೀಟಿ ಕೊಟ್ಟ. ಅದರಲ್ಲಿ ಸಾವು, ಯುದ್ಧ, ವಿಮಾನ ಎಂಬ ಸುಳಿವೇ ಇಲ್ಲ. ಬರೀ ಒಂದು ಶಾಲೆಯ ಲೆಕ್ಕ. ಎಂಟು ಪಿಂಟ್ ನೀರು, 5 ಕಿಲೋಮೀಟರ್ ದೂರ, 1 ಕಿಲೋಮೀಟರ್ ಎತ್ತರದಲ್ಲಿದೆ. ಅದರ ಬಿಸಿಯನ್ನು 98 ಡಿಗ್ರಿ ಫ್ಯಾರನ್‌ಹೀಟ್‌ನಿಂದ 105ಕ್ಕೆ ಏರಿಸಲು ಎಷ್ಟು ರೇಡಿಯೊ ಶಕ್ತಿ ಬೇಕು? ವಿಲ್ಕಿನ್ಸ್ ದಡ್ಡನಲ್ಲ. ಎಂಟು ಪಿಂಟ್ ಅಂದರೆ ಒಬ್ಬ ಮನುಷ್ಯನ ಮೈಯಲ್ಲಿರುವ ರಕ್ತ. 98 ಅಂದರೆ ಮೈಬಿಸಿ. 105 ಅಂದರೆ ಪ್ರಜ್ಞೆ ತಪ್ಪಿಸುವ ಜ್ವರ. ಒಬ್ಬ ಪೈಲಟ್‌ಗೆ ಆಕಾಶದಲ್ಲಿ ಜ್ವರ ಬರಿಸಲು ಎಷ್ಟು ಖರ್ಚು ಎಂಬುದು ಪ್ರಶ್ನೆ ಎಂದು ಅವನಿಗೆ ತಿಳಿದುಹೋಯಿತು.

ಈ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ಅಪ್ಪನ ಕ್ಯಾಲೆಂಡರ್ ಹಿಂದೆ. ನಾಲ್ಕೂವರೆ ಲೀಟರ್ ನೀರಿಗೆ ನಾಲ್ಕು ಡಿಗ್ರಿ ಸೆಲ್ಸಿಯಸ್‌ಗೂ ಸ್ವಲ್ಪ ಕಡಿಮೆ. ಸುಮಾರು 75 ಕಿಲೋಜೂಲ್. ಅಂದರೆ ಒಂದು ದೊಡ್ಡ ಲೋಟ ಚಹಾ ಕುದಿಸುವಷ್ಟು ಬೆಂಕಿ, ಅಷ್ಟೇ. ಮನುಷ್ಯನನ್ನು ಕೊಲ್ಲಲು ಬೇಕಾದ ಶಾಖ ಒಂದು ಲೋಟ ಚಹಾದ್ದು. ಅದನ್ನು ನೋಡಿ ಪೆನ್ನು ಕೆಳಗಿಟ್ಟೆ.

ತೊಡಕಿರುವುದು ಶಾಖದಲ್ಲಲ್ಲ, ಅದನ್ನು ತಲುಪಿಸುವುದರಲ್ಲಿ. ಆಗಿನ ಶಕ್ತಿಶಾಲಿ ರೇಡಿಯೊ ಅಲೆಗಳ ಉದ್ದ ಹತ್ತಾರು ಮೀಟರ್. ಅಲೆ ಉದ್ದವಾದಷ್ಟೂ ಅದು ಹರಡುತ್ತದೆ. ಹತ್ತು ಮೀಟರ್ ಅಲೆಯನ್ನು ಐದು ಕಿಲೋಮೀಟರ್ ಆಚೆ ಒಬ್ಬ ಮನುಷ್ಯನ ಅಗಲಕ್ಕೆ ಕೂಡಿಸಬೇಕಾದರೆ ಸುಮಾರು 50 ಕಿಲೋಮೀಟರ್ ಅಗಲದ ಆಂಟೆನಾ ಬೇಕು. ಹತ್ತಿರಹತ್ತಿರ ತುಮಕೂರಿನಿಂದ ಶಿರಾವರೆಗೆ. ಅಷ್ಟು ಮಾಡಿದರೂ ವಿಮಾನದ ಲೋಹದ ಮೈ ಒಳಗಿರುವವನಿಗೆ ಕೊಡೆ ಹಿಡಿದಂತೆ. ಆಗುವುದಿಲ್ಲ ಎಂದು ವಿಲ್ಕಿನ್ಸ್ ಉತ್ತರ ಬರೆದುಕೊಟ್ಟ.

ಬಹುಪಾಲು ಕಚೇರಿಗಳಲ್ಲಿ ಕಡತ ಅಲ್ಲಿಗೆ ಮುಚ್ಚುತ್ತದೆ. ಹಾಗಿದ್ದರೆ ಅವರಿಗೆ ಬೇರೆ ಏನು ಸಹಾಯ ಮಾಡಬಹುದು ಎಂದು ವಾಟ್ಸನ್-ವ್ಯಾಟ್ ಕೇಳಿದ. ವಿಲ್ಕಿನ್ಸ್‌ಗೆ ಒಂದು ವಿಷಯ ನೆನಪಿತ್ತು. ಹತ್ತಿರದಲ್ಲಿ ವಿಮಾನ ಹಾರಿದಾಗ ರೇಡಿಯೊ ಸಂಕೇತ ಅಲುಗುತ್ತದೆ ಎಂದು ಅಂಚೆ ಇಲಾಖೆಯ ಎಂಜಿನಿಯರುಗಳು ದೂರುತ್ತಿದ್ದರು. ವಿಮಾನ ಅಲೆಯನ್ನು ವಾಪಸು ಚಿಮ್ಮಿಸುತ್ತದೆ ಎಂದಾಯಿತು. ಕೊಲ್ಲಲು ಆಗದಿದ್ದರೂ ಕಾಣಲು ಆಗಬಹುದು. ಸಮಿತಿಗೆ ಹೋದ ಉತ್ತರದಲ್ಲಿ ಸಾವಿನ ಕಿರಣಕ್ಕೆ ಇಲ್ಲ ಎಂದು ಬರೆದು, ಪತ್ತೆ ಮಾಡುವ ಬಗ್ಗೆ ಬೇಕಿದ್ದರೆ ಲೆಕ್ಕ ಕಳಿಸುತ್ತೇವೆ ಎಂದೂ ಸೇರಿಸಿದ್ದರು. ಅವರು ಕೇಳಿದರು. ಫೆಬ್ರವರಿ 12ಕ್ಕೆ ಲೆಕ್ಕ ಹೋಯಿತು. ಹ್ಯೂ ಡೌಡಿಂಗ್ ಎಂಬ ಹಿರಿಯ ವಾಯುಸೇನಾಧಿಕಾರಿ ಕಾಗದದ ಲೆಕ್ಕಕ್ಕೆ ಹಣ ಬಿಚ್ಚುವವನಲ್ಲ. ಕಣ್ಣಿಗೆ ತೋರಿಸಿ ಎಂದ.

ಫೆಬ್ರವರಿ 26ರಂದು ಡಾವೆಂಟ್ರಿ ಹತ್ತಿರದ ಒಂದು ಹೊಲದಲ್ಲಿ ವ್ಯಾನು ನಿಲ್ಲಿಸಿಕೊಂಡು ಇವರು ಕೂತರು. ಸ್ವಂತದ ಪ್ರಸಾರ ಯಂತ್ರವೂ ಇಲ್ಲ. ಅಲ್ಲೇ ಇದ್ದ ಬಿಬಿಸಿಯ ಶಾರ್ಟ್‌ವೇವ್ ಕೇಂದ್ರದ 49 ಮೀಟರ್ ಅಲೆಯನ್ನೇ ಬಳಸಿಕೊಂಡರು. ಒಂದು ಹೇಫೋರ್ಡ್ ಬಾಂಬರ್ ಮೇಲೆ ಹೋಗಿ ಬಂದು ಮಾಡಿತು. ವಿಮಾನ ಬಂದಾಗ ಪರದೆಯ ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಎಂಟು ಮೈಲಿ ದೂರದವರೆಗೂ ಅದು ಗೊತ್ತಾಗುತ್ತಿತ್ತು. ಸಚಿವಾಲಯದ ಕಡೆಯಿಂದ ನೋಡಲು ಬಂದವನು ರೋ ಎಂಬ ಒಬ್ಬನೇ. ಅಷ್ಟು ಸಾಕಾಯಿತು. ಹಣ ಬಂತು.

ಇಲ್ಲಿ ನನ್ನದೊಂದು ವಿಷಯ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ತಂಡದಲ್ಲಿ ಆಲಿಕಲ್ಲು ಮಳೆಯನ್ನು ಬೇರೆ ಮಾಡುವ ಲೆಕ್ಕವೊಂದು ಕೈಕೊಡುತ್ತಿತ್ತು. ಹೊಸದಾಗಿ ಸೇರಿದ್ದ ರಾಯಚೂರಿನ ಹುಡುಗಿ ಒಂದು ವಾರ ಕೂತು ಅದನ್ನು ಬಿಡಿಸಿದಳು. ನಾನು ಅದನ್ನು ಮೇಲಿನವರ ಮುಂದೆ ಇಟ್ಟೆ. ಸ್ಲೈಡಿನ ಕೆಳಗೆ ಇದ್ದದ್ದು ನನ್ನ ಹೆಸರು. ಬೇಕೆಂದು ಮಾಡಿದ್ದಲ್ಲ, ಹಳೆಯ ಸ್ಲೈಡಿನ ನಕಲಿನಲ್ಲಿ ಹಾಗೇ ಉಳಿದಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಚಪ್ಪಾಳೆ ಬಂದಾಗ ಸರಿಮಾಡಲು ಸಮಯವೂ ಇತ್ತು. ಮಾಡಲಿಲ್ಲ. ಅವಳು ಸರ್ ಅನ್ನುವುದನ್ನು ಬಿಡಲಿಲ್ಲ, ಆದರೆ ಊಟದ ಡಬ್ಬಿ ತೆಗೆದುಕೊಂಡು ನಮ್ಮ ಮೇಜಿಗೆ ಬರುವುದನ್ನು ಬಿಟ್ಟಳು.

ಹಾಗಾಗಿ ವಿಲ್ಕಿನ್ಸ್ ಹೆಸರು ಬಂದಾಗ ನಾನು ಸ್ವಲ್ಪ ನಿಂತು ಓದುತ್ತೇನೆ. ಲೆಕ್ಕ ಅವನದು, ಅಂಚೆಯವರ ದೂರು ನೆನಪಾದದ್ದು ಅವನಿಗೆ, ಹೊಲದಲ್ಲಿ ಉಪಕರಣ ಕೂರಿಸಿದವನೂ ಅವನೇ. ಬಾಗಿಲು ತಟ್ಟಿ ಒಳಗೆ ಹೋಗಿ ಒಪ್ಪಿಸಿ, ಹಣ ತಂದು, ಕೆಲಸ ಕಟ್ಟಿದವನು ವಾಟ್ಸನ್-ವ್ಯಾಟ್. ಅದು ಸಣ್ಣ ಕೆಲಸವಲ್ಲ, ಆಫೀಸುಗಳಲ್ಲಿ ಇರುವವರಿಗೆ ಅದು ಗೊತ್ತು. ಆದರೂ ರೇಡಾರಿನ ಜನಕ ಎಂದು ಒಬ್ಬನ ಹೆಸರು ಮಾತ್ರ ಉಳಿಯಿತು. ನಿಜ ಹೇಳಬೇಕೆಂದರೆ ಆ ಪಟ್ಟ ಇಬ್ಬರಿಗೂ ಪೂರ್ತಿ ಸಲ್ಲುವುದಿಲ್ಲ. ಜರ್ಮನಿಯ ಹುಲ್ಸ್‌ಮೇಯರ್ 1904ರಲ್ಲೇ ರೇಡಿಯೊ ಪ್ರತಿಧ್ವನಿಯಿಂದ ಹಡಗು ಪತ್ತೆ ಮಾಡಿ ಪೇಟೆಂಟ್ ಪಡೆದಿದ್ದ. 1930ರ ದಶಕದಲ್ಲಿ ಜರ್ಮನಿ, ಅಮೆರಿಕ, ರಷ್ಯಾಗಳಲ್ಲೂ ಗುಟ್ಟಾಗಿ ಇದೇ ಕೆಲಸ ನಡೆದಿತ್ತು.

ಬ್ರಿಟನ್ ಗೆದ್ದದ್ದು ಯಂತ್ರದ ನಯದಿಂದಲ್ಲ. 1935ರ ಮೇ ತಿಂಗಳಲ್ಲಿ ಆರ್ಫರ್ಡ್ ನೆಸ್ ಎಂಬ ಸಮುದ್ರದಂಚಿನ ನಿರ್ಜನ ಜಾಗಕ್ಕೆ, ಮರುವರ್ಷ ಬಾಡ್ಸೀ ಎಂಬಲ್ಲಿನ ದೊಡ್ಡ ಬಂಗಲೆಗೆ ತಂಡ ಹೋಯಿತು. ಅಲ್ಲಿ ವಾಟ್ಸನ್-ವ್ಯಾಟ್‌ನದು ಒಂದೇ ಹಟ. ಅತ್ಯುತ್ತಮವಾದದ್ದು ಎಂದೂ ಸಿದ್ಧವಾಗುವುದಿಲ್ಲ, ಎರಡನೆಯದು ತಡವಾಗಿ ಬರುತ್ತದೆ, ಮೂರನೆಯದನ್ನು ಈಗಲೇ ಸೈನಿಕರ ಕೈಗೆ ಕೊಡೋಣ ಎಂಬುದು ಅವನ ನಂಬಿಕೆ. ಹಾಗೆ ಎದ್ದದ್ದು ಚೈನ್ ಹೋಮ್ ಎಂಬ ಕೇಂದ್ರಗಳ ಸಾಲು. 360 ಅಡಿ ಎತ್ತರದ ಉಕ್ಕಿನ ಕಂಬಗಳು ಅಲೆ ಬಿಡಲು, 240 ಅಡಿಯ ಮರದ ಗೋಪುರಗಳು ಹಿಡಿಯಲು. ಬಡಗಿಯ ಮಗನಿಗೆ ಆ ಮರದ ಗೋಪುರಗಳು ಇಷ್ಟವಾಗಿದ್ದಿರಬೇಕು. 1939ರಲ್ಲಿ ಯುದ್ಧ ಶುರುವಾದಾಗ ಸುಮಾರು 20 ಕೇಂದ್ರಗಳು ಎದ್ದು ನಿಂತಿದ್ದವು.

ಒರಟು ಯಂತ್ರವಾದದ್ದು ಇನ್ನೊಂದು ರೀತಿಯಲ್ಲೂ ಒಳ್ಳೆಯದಾಯಿತು. 1939ರಲ್ಲಿ ಜರ್ಮನರು ಗ್ರಾಫ್ ಜೆಪ್ಪೆಲಿನ್ ವಾಯುನೌಕೆಯಲ್ಲಿ ಉಪಕರಣ ತುಂಬಿಕೊಂಡು ಕಂಬಗಳ ಗುಟ್ಟು ತಿಳಿಯಲು ಬಂದರು. ಅವರದು ಸಣ್ಣ ಅಲೆಯ ಚೊಕ್ಕ ರೇಡಾರ್. ಇಷ್ಟು ಉದ್ದದ ಅಲೆಯಲ್ಲಿ ಯಾರಾದರೂ ಕೆಲಸ ಮಾಡುತ್ತಾರೆ ಎಂದು ಅವರಿಗೆ ಹೊಳೆಯಲಿಲ್ಲ. ವಾಪಸು ಹೋದರು. ನಮ್ಮವನೇನೂ ಕಡಿಮೆಯಿಲ್ಲ. 1937ರಲ್ಲಿ ಹೆಂಡತಿಯ ಜೊತೆ ಪ್ರವಾಸಿಯ ವೇಷದಲ್ಲಿ ಜರ್ಮನಿ ಸುತ್ತಿ, ಎತ್ತರದ ಕಂಬಗಳನ್ನು ಹುಡುಕಿ, ಕಾಣದೆ, ಅವರಲ್ಲಿ ರೇಡಾರ್ ಇಲ್ಲ ಎಂದು ತೀರ್ಮಾನಿಸಿ ಬಂದಿದ್ದ. ಅದು ತಪ್ಪಾಗಿತ್ತು. ಇಬ್ಬರೂ ತಮ್ಮದರಂಥದ್ದನ್ನೇ ಹುಡುಕಿದರು.

1940ರ ಬೇಸಿಗೆಯಲ್ಲಿ ಫ್ರಾನ್ಸಿನ ಆಕಾಶದಲ್ಲಿ ಜರ್ಮನ್ ವಿಮಾನಗಳು ಗುಂಪು ಕೂಡುವಾಗಲೇ ಇಂಗ್ಲೆಂಡಿನ ಕತ್ತಲೆ ಕೋಣೆಗಳಲ್ಲಿ ಹಸಿರು ಗೆರೆ ಏಳುತ್ತಿತ್ತು. ಅದನ್ನು ಓದುತ್ತಿದ್ದವರಲ್ಲಿ ಬಹಳ ಮಂದಿ ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು, ವಾಯುಸೇನೆಯ ಮಹಿಳಾ ದಳದವರು. ಅವರು ಹೇಳಿದ್ದು ಟೆಲಿಫೋನ್ ತಂತಿಯಲ್ಲಿ ಹೋಗಿ, ಸೋಸಿ, ದೊಡ್ಡ ಮೇಜಿನ ನಕ್ಷೆಯ ಮೇಲೆ ಬಂದು ಕೂತು, ಅಲ್ಲಿಂದ ಯುದ್ಧವಿಮಾನಗಳಿಗೆ ಆದೇಶ ಹೋಗುತ್ತಿತ್ತು. ಎಲ್ಲೆಂದರಲ್ಲಿ ಹಾರುತ್ತಾ ಕಾಯುವ ಬದಲು ಬೇಕಾದಾಗ, ಬೇಕಾದ ಕಡೆ ಏಳುವುದು. ಈ ಇಡೀ ವ್ಯವಸ್ಥೆ ಕಟ್ಟಿದವನು ಕಣ್ಣಿಗೆ ತೋರಿಸಿ ಎಂದಿದ್ದ ಅದೇ ಡೌಡಿಂಗ್. ಆಗಸ್ಟ್ 12ರಂದು ಜರ್ಮನರು ರೇಡಾರ್ ಕೇಂದ್ರಗಳ ಮೇಲೇ ಬಾಂಬು ಹಾಕಿದರು. ವೆಂಟ್ನರ್ ಕೇಂದ್ರ ಕೆಟ್ಟಿತು, ಉಳಿದವು ಕೆಲವೇ ಗಂಟೆಗಳಲ್ಲಿ ಮತ್ತೆ ಕೆಲಸ ಶುರುಮಾಡಿದವು. ಪ್ರಯೋಜನವಿಲ್ಲ ಎಂದುಕೊಂಡು ಗೋರಿಂಗ್ ಅವುಗಳ ಮೇಲಿನ ದಾಳಿಯನ್ನು ಬಹುಮಟ್ಟಿಗೆ ಬಿಟ್ಟ. ಬ್ರಿಟನ್ ಉಳಿಯಿತು.

ಇಷ್ಟಕ್ಕೇ ಕಥೆ ನಿಲ್ಲಿಸಿದರೆ ಅಪ್ಪನಿಗೆ ಹೇಳಲು ನನಗೊಂದು ಒಳ್ಳೆಯ ಉತ್ತರ ಸಿಗುತ್ತಿತ್ತು. ಆದರೆ ಕಣ್ಣು ಕಾಯುವವನಿಗೊಂದು, ಹೊಡೆಯುವವನಿಗೊಂದು ಎಂದು ಬೇರೆ ಇರುವುದಿಲ್ಲವಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ 1940ರಲ್ಲಿ ತಯಾರಾದ ಮ್ಯಾಗ್ನೆಟ್ರಾನ್ ಎಂಬ ಸಾಧನದಿಂದ ರೇಡಾರ್ ವಿಮಾನದೊಳಗೆ ಕೂರುವಷ್ಟು ಚಿಕ್ಕದಾಯಿತು. 1943ರಿಂದ ಬ್ರಿಟಿಷ್ ಬಾಂಬರುಗಳು ಅದರ ಕಣ್ಣಿನಿಂದ ಮೋಡದ ಕೆಳಗಿನ ಜರ್ಮನ್ ಊರುಗಳನ್ನು ಕಂಡವು. ಆ ವರ್ಷದ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ಹೊತ್ತಿ ಉರಿದಾಗ ಸತ್ತವರು ಹತ್ತಾರು ಸಾವಿರ. ವಿಲ್ಕಿನ್ಸ್ ಲೆಕ್ಕದ ನೀರು ಬಿಸಿ ಮಾಡುವ ಭಾಗವೂ ಹಾಳಾಗಲಿಲ್ಲ ಅನ್ನಿ. ಅದೇ ಮ್ಯಾಗ್ನೆಟ್ರಾನ್ ಈಗ ನಮ್ಮ ಬಾಡಿಗೆ ಫ್ಲ್ಯಾಟುಗಳ ಮೈಕ್ರೋವೇವ್ ಒಲೆಯಲ್ಲಿ ಕೂತು ನಿನ್ನೆಯ ಸಾರು ಬಿಸಿ ಮಾಡುತ್ತದೆ.

1942ರಲ್ಲಿ ಅವನಿಗೆ ಸರ್ ಪದವಿ ಬಂತು. ವಾಟ್ಸನ್, ವ್ಯಾಟ್‌ಗಳ ನಡುವೆ ಗೀಟು ಸೇರಿದ್ದು ಆಗಲೇ. ಯುದ್ಧ ಮುಗಿದ ಮೇಲೆ ರೇಡಾರಿನ ಶ್ರೇಯ ಯಾರಿಗೆ ಎಷ್ಟು ಎಂದು ಆಯೋಗದ ಮುಂದೆ ವಾದ ನಡೆಯಿತು. ಅವನಿಗೆ ಸುಮಾರು 50,000 ಪೌಂಡ್ ಸಿಕ್ಕಿತು, ಇಡೀ ತಂಡಕ್ಕೆ ಬಂದದ್ದರಲ್ಲಿ ಅರ್ಧಕ್ಕೂ ಹೆಚ್ಚು. 1952ರಲ್ಲಿ ಮೊದಲ ಹೆಂಡತಿಯಿಂದ ವಿಚ್ಛೇದನ. ಆಮೇಲೆ ಕೆನಡಾಕ್ಕೆ ಹೋಗಿ ನೆಲೆಸಿದ, ಅಲ್ಲಿಯವಳನ್ನೇ ಮದುವೆಯಾದ. ನಮ್ಮ ಹಾಗೆ ಊರು ಬಿಟ್ಟವನೇ.

ಕೆನಡಾದಲ್ಲಿ ನಡೆದದ್ದು ರೇಡಾರ್ ಕೆಲಸದವರೆಲ್ಲ ಹೇಳಿ ನಗುವ ಕಥೆ. 1956ರಲ್ಲಿ ಕಾರಿನಲ್ಲಿ ವೇಗವಾಗಿ ಹೋಗುತ್ತಿದ್ದವನನ್ನು ಪೊಲೀಸರು ಹಿಡಿದು ದಂಡ ಹಾಕಿದರು. ವೇಗ ಅಳೆದದ್ದು ರೇಡಾರ್. ಅವನು ಜಗಳವಾಡಲಿಲ್ಲ. ದಂಡ ಕಟ್ಟಿ, ತನ್ನ ಮೇಲೆ ತಾನೇ ಒಂದು ತಮಾಷೆ ಪದ್ಯ ಬರೆದುಕೊಂಡ.

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದಾಗ ವಾಟ್ಸನ್-ವ್ಯಾಟ್‌ಗೆ 68. ಅವನ ಚೀಟಿಯ ಲೆಕ್ಕಕ್ಕೆ ಬೇಕಿದ್ದದ್ದು ಇದೇ. ಲೇಸರ್ ಅಲೆಯ ಉದ್ದ ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ತುಮಕೂರಿನಿಂದ ಶಿರಾವರೆಗಿನ ಆಂಟೆನಾ ಬೇಡ, ಮೊರದಗಲದ ಕನ್ನಡಿ ಸಾಕು. ಕಾಗದದ ಲೆಕ್ಕದಲ್ಲಿ ಐದು ಕಿಲೋಮೀಟರ್ ಆಚೆ ಬೆಳಕು ಒಂದು ನಾಣ್ಯದಷ್ಟು ಜಾಗಕ್ಕೆ ಕೂಡುತ್ತದೆ. ಗಾಳಿ, ಧೂಳು, ಮಂಜು ಅದನ್ನು ಕೆಡಿಸುತ್ತವೆ, ಗುರಿಯ ಒಂದೇ ಜಾಗದ ಮೇಲೆ ಕೆಲವು ಸೆಕೆಂಡ್ ಅಲುಗದೆ ನಿಲ್ಲಿಸಬೇಕು. ಈ ಕಾರಣಕ್ಕೇ ಇನ್ನೂ 65 ವರ್ಷ ಹಿಡಿಯಿತು. ಕರ್ನೂಲಿನ 30 ಕಿಲೋವ್ಯಾಟ್ ಯಂತ್ರ ಎರಡೂವರೆ ಸೆಕೆಂಡಿನಲ್ಲಿ ಬಿಡುವ ಬೆಳಕು ಎಷ್ಟಾಗುತ್ತದೆ ಎಂದು ಅದೇ ಕ್ಯಾಲೆಂಡರ್ ಹಿಂದೆ ಗುಣಿಸಿದೆ. 75 ಕಿಲೋಜೂಲ್. ವಿಲ್ಕಿನ್ಸ್‌ನ ಎಂಟು ಪಿಂಟ್. ಈಗ ಸುಡುವುದು ಪೈಲಟ್‌ನನ್ನಲ್ಲ, ಪೈಲಟ್ ಇಲ್ಲದ ಡ್ರೋನನ್ನು. ಆ ಡ್ರೋನ್ ಎಲ್ಲಿದೆ ಎಂದು ಲೇಸರ್‌ಗೆ ತೋರಿಸುವುದು ರೇಡಾರ್, ಇಲ್ಲವೇ ಯಂತ್ರದಲ್ಲೇ ಇರುವ ಕ್ಯಾಮೆರಾ ಕಣ್ಣು. ಅಪ್ಪ ಹೇಳಿದ್ದು ಸರಿಯಾಗಿತ್ತು.

ಎರಡನೇ ಹೆಂಡತಿ ತೀರಿಕೊಂಡ ಮೇಲೆ ವಾಟ್ಸನ್-ವ್ಯಾಟ್ ಸ್ಕಾಟ್‌ಲೆಂಡಿಗೆ ಮರಳಿದ. 1966ರಲ್ಲಿ, 74ನೇ ವಯಸ್ಸಿನಲ್ಲಿ, ಡೇಮ್ ಕ್ಯಾಥರಿನ್ ಟ್ರೆಫ್ಯೂಸಿಸ್ ಫೋರ್ಬ್ಸ್‌ಳನ್ನು ಮದುವೆಯಾದ. ಯುದ್ಧಕಾಲದಲ್ಲಿ ವಾಯುಸೇನೆಯ ಮಹಿಳಾ ದಳಕ್ಕೆ ಮೊದಲ ಮುಖ್ಯಸ್ಥೆಯಾಗಿದ್ದವಳು ಅವಳೇ. ಅವನ ಪರದೆಗಳನ್ನು ಓದಿದ ಹುಡುಗಿಯರ ದಳ. ಪಿಟ್ಲೋಕ್ರಿ ಎಂಬ ಬೆಟ್ಟದೂರಿನಲ್ಲಿ ಇಬ್ಬರೂ ಕೆಲವು ವರ್ಷ ಜೊತೆಗಿದ್ದರು. 1971ರಲ್ಲಿ ಅವಳು, 1973ರ ಡಿಸೆಂಬರ್ 5ರಂದು ಅವನು. ಅಲ್ಲಿನ ಚರ್ಚಿನ ಅಂಗಳದಲ್ಲಿ ಒಟ್ಟಿಗೇ ಮಣ್ಣಾಗಿದ್ದಾರೆ. ಬ್ರೆಕಿನ್‌ನಲ್ಲಿ ಅವನಿಗೊಂದು ಪ್ರತಿಮೆ ನಿಂತದ್ದು 2014ರಲ್ಲಿ. ಒಂದು ಕೈಯಲ್ಲಿ ಯುದ್ಧವಿಮಾನ, ಇನ್ನೊಂದರಲ್ಲಿ ರೇಡಾರ್ ಕಂಬ.

ಸೋಮವಾರ ರಾತ್ರಿ ಬಸ್ಸು ಹತ್ತಿದೆ. ಬೆಳಗಿನ ಜಾವ ಕರ್ನೂಲು ದಾಟುವಾಗ ಎಂದಿನಂತೆ ಎಚ್ಚರವಾಯಿತು. ಕಿಟಕಿಯಾಚೆ ಏನೂ ಕಾಣಲಿಲ್ಲ, ಲಾರಿಗಳ ದೀಪ ಬಿಟ್ಟು. ಮೊಬೈಲ್ ತೆಗೆದು ರಾಯಚೂರಿನ ಹುಡುಗಿಗೆ ಮೆಸೇಜ್ ಬರೆದೆ. ಆಲಿಕಲ್ಲಿನ ಲೆಕ್ಕ ನಿನ್ನದು ಎಂದು ಇಂದು ಎಲ್ಲರಿಗೂ ಬರೆದು ಕಳಿಸುತ್ತೇನೆ, ಮೂರು ವರ್ಷ ತಡವಾಯಿತು ಎಂದು. ಕಳಿಸಿದೆ. ಹತ್ತು ಗಂಟೆಗೆ ಆಫೀಸಿನಿಂದ ಎಲ್ಲರಿಗೂ ಹೋಯಿತು. ಅವಳಿಂದ ಬಂದದ್ದು ಒಂದು ಹೆಬ್ಬೆಟ್ಟಿನ ಗುರುತು ಮಾತ್ರ.

ಡ್ರೋನ್ ತಂಡದ ಪತ್ರಕ್ಕೆ ಇನ್ನೂ ಉತ್ತರ ಬರೆದಿಲ್ಲ. ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಲೇಸರ್ ವಿಷಯ ಎತ್ತಲಿಲ್ಲ. ಹೊಲ ಹಸನು ಮಾಡಿಟ್ಟಿದ್ದೇನೆ, ಈ ವಾರ ಮಳೆ ಹಿಡಿಯುತ್ತಾ ನೋಡಿ ಹೇಳು ಅಂದರು. ಪರದೆ ತೆರೆದು ನೋಡಿದೆ. ಪಾವಗಡದ ಆಚೆ ಹಸಿರು ಚುಕ್ಕೆಗಳು ಗುಂಪು ಕೂಡುತ್ತಿದ್ದವು.